ಮನೆಯೊಳಗೆ ಸಹಜವಾಗಿ ತೆಗೆದ ಯುವತಿಯ ಫೋಟೊವನ್ನು ದೃಷ್ಟಿಹೀನರಿಗಾಗಿ ಪದಗಳಲ್ಲಿ ವಿವರಿಸುವುದು ಹೇಗೆ?

ಎನ್‌ವಿಡಿಎಯಂತಹ ಕಂಪ್ಯೂಟರ್ ಪರದೆಯ ಮೇಲಿರುವುದನ್ನು ದೃಷ್ಟಿಹೀನರಿಗೆ ಓದಿ ಹೇಳುವ ತಂತ್ರಾಂಶವು ಚಿತ್ರ ಎದುರಾದಾಗ ಅದು ಚಿತ್ರವೆಂದು ತಾನೇ ಹೇಳುವುದರಿಂದ, ‘ಇದು ಒಂದು ಫೋಟೊ’ ಎಂದು ಆರಂಭಿಸುವ ಅಗತ್ಯವಿಲ್ಲ. ಮೊದಲು ವ್ಯಕ್ತಿ ಮತ್ತು ಭಂಗಿ, ಬಳಿಕ ಬೆಳಕು, ಹಿನ್ನೆಲೆ ಬರಲಿ: ‘ಹಳದಿ ಕುರ್ತಾ ತೊಟ್ಟ ಯುವತಿ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕಾಲು ಮಡಿಸಿ ಕುಳಿತು, ಕಾಫಿ ಲೋಟ ಹಿಡಿದು, ಕ್ಯಾಮೆರಾದತ್ತ ನೋಡಿ ನಗುತ್ತಿದ್ದಾಳೆ, ಎಡಗಡೆಯಿಂದ ಬಿದ್ದ ಬಿಸಿಲು ಅವಳ ಅರ್ಧ ಮುಖವನ್ನಷ್ಟೇ ಬೆಳಗಿಸಿದೆ.’ ‘ನಗುತ್ತಿದ್ದಾಳೆ’ ಎಂಬುದು ಕಣ್ಣಿಗೆ ಕಾಣುವ ಸಂಗತಿ, ‘ಸಂತೋಷವಾಗಿದ್ದಾಳೆ’ ಎಂಬುದು ನಮ್ಮ ಊಹೆ. ‘ಸುಂದರಿ’ ಎಂಬ ಪದವಂತೂ ಕೇಳುಗರಿಗೆ ಏನನ್ನೂ ತೋರಿಸುವುದಿಲ್ಲ. ಜಾತಿ, ಊರು, ಮದುವೆಯಾಗಿದೆಯೇ ಎಂಬುದನ್ನು ಚಿತ್ರದಿಂದ ತೀರ್ಮಾನಿಸಬಾರದು. ಕಾಲುಂಗುರ ಕಾಣಿಸಿದರೆ ಕಾಲುಂಗುರವೆಂದಷ್ಟೇ ಬರೆಯಬೇಕು.