ಪ್ಲಾಸ್ಮಾ (ವಿದ್ಯುದಂಶವಿರುವ ಕಣಗಳು ತುಂಬಿದ ಅನಿಲ) ಓದಿದವರು ನ್ಯಾನೋಕಣಗಳ, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳ ಕಡೆ ಹೇಗೆ ಬರುತ್ತಾರೆ?

ಉವೆ ಕೊರ್ಟ್ಸ್‌ಹಾಗನ್ ಅವರನ್ನೇ ನೋಡಿ. ಜರ್ಮನಿಯ ಬೋಖುಮ್‌ನಲ್ಲಿ ಪ್ಲಾಸ್ಮಾ ಭೌತಶಾಸ್ತ್ರ ಕಲಿತವರು. ಆಮೇಲೆ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆದರು.

ಚಿಪ್ ತಯಾರಿಸುವಾಗ ಪ್ಲಾಸ್ಮಾದೊಳಗೆ ಸಣ್ಣ ಧೂಳು ಹುಟ್ಟಿ ಚಿಪ್ ಕೆಡಿಸುತ್ತದೆ. ಎಲ್ಲರಿಗೂ ಅದು ತಲೆನೋವು. ಇವರಿಗೆ ಆ ಧೂಳೇ ಬೇಕಿತ್ತು!

2005ರಲ್ಲಿ ಇವರ ತಂಡ ಒಂದು ಸುಲಭ ದಾರಿ ತೋರಿಸಿತು. ಕಡಿಮೆ ಒತ್ತಡದ ಕೊಳವೆಯಲ್ಲಿ ಆರ್ಗಾನ್ ಜೊತೆ ಸೈಲೇನ್ (ಸಿಲಿಕಾನ್ ಇರುವ ಅನಿಲ) ಹರಿಸಿ ಪ್ಲಾಸ್ಮಾ ಹೊತ್ತಿಸಿದರೆ ಕೆಲವೇ ನ್ಯಾನೋಮೀಟರ್ ಗಾತ್ರದ ಸಿಲಿಕಾನ್ ಹರಳುಗಳು ಸಿಗುತ್ತವೆ. ಕಣಗಳ ಮೇಲೆ ಋಣ ವಿದ್ಯುದಂಶ ಕೂರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಗಂಟು ಕಟ್ಟುವುದಿಲ್ಲ. ಅನಿಲ ಅಷ್ಟೇನೂ ಬಿಸಿ ಇರುವುದಿಲ್ಲ, ಆದರೆ ಮೇಲ್ಮೈಯಲ್ಲಿ ನಡೆಯುವ ಕ್ರಿಯೆಗಳಿಂದ ಕಣ ಮಾತ್ರ ಕಾದು ಹರಳಾಗುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಸಿಲಿಕಾನ್ ಸುಮ್ನೆ ಇದ್ದರೆ ಬೆಳಗುವುದಿಲ್ಲ ಅಲ್ವಾ? ಇಷ್ಟು ಚಿಕ್ಕದಾದಾಗ, ಅದರ ಮೇಲೆ ಅತಿನೇರಳೆ ಬೆಳಕು ಬಿದ್ದರೆ ಕೆಂಪಾಗಿ ಹೊಳೆಯುತ್ತದೆ. ಮುಂದೆ ಇಟಲಿಯ ಸಂಶೋಧಕರ ಜೊತೆ ಸೇರಿ, ಕಿಟಕಿಯಂಥ ಹಲಗೆಯಲ್ಲಿ ಈ ಹರಳು ಬೆರೆಸಿ ಬಿಸಿಲನ್ನು ಅಂಚಿನ ಸೋಲಾರ್ ಸೆಲ್‌ಗಳಿಗೆ ಸಾಗಿಸುವ ಕೆಲಸವನ್ನೂ ಮಾಡಿದರು.