ಕೊಳದಲ್ಲಿ ಕಂಚಿನ ಕೊಕ್ಕರೆ ನಿಲ್ಲಿಸುವ ಮುಂಚೆ

ತೋಟದ ಕೊಳ, ಮನೆ ಮುಂದಿನ ನೀರಿನ ತೊಟ್ಟಿಗಳಲ್ಲಿ ಕಂಚಿನ ಶಿಲ್ಪ ಇಡುವ ಬಗ್ಗೆ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಎರಕದ ಶಿಲ್ಪಿಯೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಂದಿ ಬೆಟ್ಟದ ತಪ್ಪಲಲ್ಲಿ ನಮ್ಮ ದ್ರಾಕ್ಷಿ ತೋಟ ಇದೆ. ಅಲ್ಲಿ ಹತ್ತಡಿ ಅಗಲದ ಕೊಳ ಕಟ್ಟಿಸಿದ್ದೇನೆ. ನಡುವೆ ಮೂರಡಿ ಎತ್ತರದ ಕಂಚಿನ ಕೊಕ್ಕರೆ ನಿಲ್ಲಬೇಕು, ಅದರ ಕೊಕ್ಕಿನಿಂದ ನೀರು ಬೀಳಬೇಕು ಅನ್ನುವುದು ಆಸೆ. ಮಣ್ಣಿನಲ್ಲಿ ಗೊಂಬೆ ಮಾಡಿ ಅಭ್ಯಾಸ ಇದೆ. ಪೂರ್ತಿ ಕೆಲಸ ನಾನೇ ಮಾಡಬಹುದಾ? ಎರಕವನ್ನೂ ಮನೆಯಲ್ಲೇ ಹೊಯ್ಯಬಹುದಾ? — ಚಿಕ್ಕಬಳ್ಳಾಪುರದ ಓದುಗರು

ಉತ್ತರ: ಕಂಚಿನ ಶಿಲ್ಪಕ್ಕೆ ಮೊದಲು ಮೇಣದಲ್ಲಿ ರೂಪ ಮಾಡಿ, ಅದರ ಸುತ್ತ ಅಚ್ಚು ಕಟ್ಟಿ, ಮೇಣವನ್ನು ಕರಗಿಸಿ ತೆಗೆದು, ಆ ಜಾಗಕ್ಕೆ ಕಂಚು ಹೊಯ್ಯುತ್ತಾರೆ. ಮೇಣದ ಕೆಲಸದ ತನಕ ನೀವೇ ಮಾಡಿ, ಖುಷಿಯಾಗಿ ಮಾಡಿ. ಎರಕ ಮಾತ್ರ ಮನೆಯಲ್ಲಿ ಬೇಡ. ಕಂಚು ಹೊಯ್ಯುವ ಹದಕ್ಕೆ ಬರಬೇಕಾದರೆ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅಚ್ಚಿನೊಳಗೆ ಚೂರು ತೇವ ಉಳಿದಿದ್ದರೂ ಅದು ಕ್ಷಣದಲ್ಲಿ ಹಬೆಯಾಗಿ, ಕರಗಿದ ಲೋಹ ಮುಖಕ್ಕೇ ಸಿಡಿಯುತ್ತದೆ. ವಿಡಿಯೊ ನೋಡಿ ಹಿತ್ತಲಲ್ಲಿ ಕುಲುಮೆ ಕಟ್ಟುವ ಯೋಚನೆ ಇದ್ದರೆ ದಯವಿಟ್ಟು ಕೈಬಿಡಿ. ಮಂಡ್ಯ ಜಿಲ್ಲೆಯ ನಾಗಮಂಗಲದಲ್ಲಿ ಲೋಹದ ಎರಕದ ಪರಂಪರೆ ಇದೆ. ತಮಿಳುನಾಡಿನ ಸ್ವಾಮಿಮಲೈ ಇದೆ. ಬೆಂಗಳೂರಿನಲ್ಲೂ ಶಿಲ್ಪ ಎರಕದವರು ಸಿಗುತ್ತಾರೆ. ಮೇಣದ ರೂಪ ತೆಗೆದುಕೊಂಡು ಅವರ ಹತ್ತಿರ ಹೋಗಿ.

ಮೊದಲು ಹಕ್ಕಿಯನ್ನು ನೋಡಿ. ಶಿರಾ ತಾಲ್ಲೂಕಿನ ಕಗ್ಗಲಡು ನಿಮಗೆ ದೂರವೇನಲ್ಲ. ಅಲ್ಲಿ ಊರೊಳಗಿನ ಹುಣಸೆಮರಗಳ ಮೇಲೇ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟುತ್ತವೆ. ಗೂಡಿನ ಕಾಲದಲ್ಲಿ ಹೋಗಿ ಒಂದು ಬೆಳಗ್ಗೆ ಪೂರ್ತಿ ಕೂತು ಗೆರೆ ಹಾಕಿ. ಕಾಲು ಎಲ್ಲಿ ಹಿಂದಕ್ಕೆ ಮಡಚುತ್ತದೆ, ನಿಂತಾಗ ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ ಅಂತ ಗಮನಿಸಿ. ಮಂಡಿ ಅಂತ ನಮಗೆ ಕಾಣುವುದು ನಿಜಕ್ಕೂ ಹಕ್ಕಿಯ ಹಿಮ್ಮಡಿಯ ಕೀಲು. ಇದು ತಪ್ಪಿದರೆ ಎಷ್ಟು ಚೆನ್ನಾಗಿ ಗರಿ ಕೆತ್ತಿದರೂ ಹಕ್ಕಿ ನಿಂತ ಹಾಗೆ ಕಾಣುವುದಿಲ್ಲ.

ಮಣ್ಣಿನ ರೂಪ ಸಿದ್ಧವಾದ ಮೇಲೆ ಅದಕ್ಕೆ ಸಿಲಿಕೋನ್ ರಬ್ಬರಿನ ಅಚ್ಚು ತೆಗೆಸಿ. ಅಚ್ಚಿನ ಒಳಮೈಗೆ ಬಿಸಿ ಮೇಣವನ್ನು ಬ್ರಷ್‌ನಲ್ಲಿ ಪದರಪದರವಾಗಿ ಬಳಿಯಿರಿ. ದಪ್ಪ ಎಲ್ಲ ಕಡೆ ಸುಮಾರು 5 ಮಿಲಿಮೀಟರ್ ಇರಲಿ. ಒಂದು ಕಡೆ ದಪ್ಪ, ಪಕ್ಕದಲ್ಲೇ ತೆಳು ಅಂತ ಆದರೆ ಕಂಚು ತಣಿಯುವಾಗ ಆ ಜಾಗದಲ್ಲಿ ಕುಗ್ಗಿ ಕುಳಿ ಬೀಳುತ್ತದೆ. ಇನ್ನೊಂದು ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. ಕಂಚು ತಣಿದಾಗ ಅಳತೆ ನೂರಕ್ಕೆ ಒಂದೂವರೆಯಷ್ಟು ಕಡಿಮೆ ಆಗುತ್ತದೆ. ಮೂರಡಿಯ ಹಕ್ಕಿಯಲ್ಲಿ ಅರ್ಧ ಇಂಚು ಹೋಯಿತು ಅಂತಲೇ ತಿಳಿಯಿರಿ.

ಖರ್ಚಿನ ಅಂದಾಜಿಗೆ ಮೇಣದ ರೂಪವನ್ನು ತಕ್ಕಡಿಯಲ್ಲಿ ತೂಗಿ. 1 ಕೆಜಿ ಮೇಣದ ಜಾಗಕ್ಕೆ ಸುಮಾರು 9 ಕೆಜಿ ಕಂಚು ಬೇಕು. ನಿಮ್ಮದು 3 ಕೆಜಿ ತೂಗಿದರೆ ಶಿಲ್ಪಕ್ಕೇ 27 ಕೆಜಿ. ಲೋಹ ಹರಿಯುವ ನಾಳ, ಗಾಳಿ ಹೋಗುವ ನಾಳಗಳಿಗೆ ಬೇರೆ. ಎರಕದವರು ಜಾಸ್ತಿ ಲೋಹ ಕೇಳಿದರೆ ಅನುಮಾನ ಪಡಬೇಡಿ, ನಾಳದಲ್ಲಿ ಉಳಿದದ್ದು ಏನಾಗುತ್ತದೆ ಅಂತ ಮಾತ್ರ ಮೊದಲೇ ಮಾತಾಡಿಕೊಳ್ಳಿ.

ಇನ್ನು ನೀರಿನ ವಿಷಯ. ಕೊಳದ ಶಿಲ್ಪ ಕೆಡುವುದು ಬಹಳ ಸಲ ಇಲ್ಲೇ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಅನ್ನುವುದನ್ನು ಮೇಣದ ಹಂತದಲ್ಲೇ ತೀರ್ಮಾನ ಮಾಡಬೇಕು. ಕಂಚಾದ ಮೇಲೆ ಮಾಡಹೊರಟರೆ ಕೊರೆಯುವುದು, ಬೆಸುಗೆ ಹಾಕುವುದು, ಮತ್ತೆ ಬಣ್ಣ ಕೂರಿಸುವುದು. ಎಲ್ಲ ಎರಡೆರಡು ಕೆಲಸ.

ಕೊಕ್ಕರೆಯ ಕಾಲು ಬೆರಳಿನಷ್ಟು ಸಣ್ಣ. ಅದನ್ನು ಘನವಾಗಿಯೇ ಎರಕ ಹೊಯ್ಸಿ. ಪಾದದ ಕೆಳಗೆ ನಾಲ್ಕಿಂಚಿನ ಕಂಚಿನ ಗೂಟ ಅದೇ ಎರಕದಲ್ಲಿ ಇಳಿದಿರಲಿ, ಕಲ್ಲಿನಲ್ಲಿ ಕೂರಿಸಲು ಬೇಕಾಗುತ್ತದೆ. ಹಾಗಾದರೆ ನೀರಿನ ಪೈಪ್ ಎಲ್ಲಿಂದ ಹೋಗಬೇಕು? ನನ್ನ ಸಲಹೆ, ಹಕ್ಕಿಯ ಹಿಂದೆ ನಾಲ್ಕೈದು ಎಸಳು ಜೊಂಡುಹುಲ್ಲು ಮಾಡಿ. ಒಂದು ದಂಟು ಟೊಳ್ಳಾಗಿರಲಿ. ಪೈಪ್ ಅದರೊಳಗೆ ಹತ್ತಿ ಹೊಟ್ಟೆಯ ಬಳಿ ಒಳಗೆ ಹೋಗಲಿ. ಜೊಂಡು ಹಕ್ಕಿಯ ಭಾರವನ್ನೂ ಹಂಚಿಕೊಳ್ಳುತ್ತದೆ, ಪೈಪೂ ಕಾಣುವುದಿಲ್ಲ. ಕೊಕ್ಕಿನ ತನಕ ಪೈಪ್ ತುಂಡಾಗದೆ ಹೋಗಬೇಕು. ಕತ್ತಿನ ಟೊಳ್ಳಿನಲ್ಲೇ ನೀರು ಹರಿಯಲಿ ಅಂತ ಬಿಟ್ಟರೆ ಕಣ್ಣಿಗೆ ಕಾಣದ ಸಣ್ಣ ತೂತುಗಳಿಂದ ಜಿನುಗಿ, ಎದೆಯ ಮೇಲೆಲ್ಲ ಬಿಳಿ ಗೆರೆ ಬೀಳುತ್ತದೆ.

ಕೊಕ್ಕಿನ ತುದಿಯ ಕೆಳಗೆ ಅಡ್ಡಲಾಗಿ ಒಂದು ಸಣ್ಣ ಗೆರೆ ಕೊರೆಯಿರಿ. ಮನೆಯ ಸಜ್ಜೆಯ ಕೆಳಗೆ ಗಾರೆಯವರು ಎಳೆಯುತ್ತಾರಲ್ಲ, ಅಂಥದ್ದೇ. ಅದಿಲ್ಲದಿದ್ದರೆ ಪಂಪ್ ನಿಧಾನವಾದಾಗ ನೀರು ಕೊಕ್ಕಿನ ತಳ ಹಿಡಿದು ಹಿಂದಕ್ಕೆ ಹರಿದು ಕತ್ತಿನ ಮೇಲೆ ಇಳಿಯುತ್ತದೆ.

ಹೊಟ್ಟೆಯ ಅತಿ ತಗ್ಗಿನ ಜಾಗದಲ್ಲಿ ಕಿರುಬೆರಳು ಹೋಗುವಷ್ಟು ತೂತು ಬಿಡಿ. ಒಳಗೆ ಹನಿ ಕಟ್ಟಿದ ನೀರು ಅಲ್ಲಿಂದ ಇಳಿದುಹೋಗುತ್ತದೆ. ಶಿಲ್ಪ ಟೊಳ್ಳಾಗಿ ಬರಲಿ ಅಂತ ಎರಕದವರು ಒಳಗೆ ತುಂಬಿದ ಒಳತಿರುಳಿನ ಮಣ್ಣನ್ನು ಪೂರ್ತಿ ತೆಗೆಸುವುದು ಮರೆಯಬೇಡಿ. ಉಳಿದ ಮಣ್ಣು ತೇವ ಹಿಡಿದುಕೊಂಡು ಒಳಗಿನಿಂದಲೇ ಕಂಚನ್ನು ತಿನ್ನುತ್ತದೆ.

ಕೊನೆಗೆ ಪೀಠ. ಕಂಚು ನೀರಿನೊಳಗೆ ಮುಳುಗಿದ್ದರೂ ತೊಂದರೆ ಕಡಿಮೆ, ಗಾಳಿಯಲ್ಲಿದ್ದರೂ ಕಡಿಮೆ. ನೀರು ಏರಿ ಇಳಿಯುವ ಗೆರೆಯಲ್ಲೇ ಉಪ್ಪು, ಸುಣ್ಣ ಕಟ್ಟುವುದು. ನಿಮ್ಮ ಕಡೆ ಬೇಸಿಗೆಯಲ್ಲಿ ಕೊಳದ ನೀರು ಬೇಗ ಇಳಿಯುತ್ತದೆ ಅಲ್ವಾ? ಆದ್ದರಿಂದ ಗ್ರಾನೈಟ್ ಪೀಠದ ನೆತ್ತಿ ತುಂಬಿದ ನೀರಿಗಿಂತ ಒಂದಿಂಚು ಮೇಲೆ ಬರಲಿ. ನೀರಿನ ಗೆರೆ ಕಲ್ಲಿನ ಮೇಲೆ ಬಿದ್ದರೆ ಬೀಳಲಿ, ಹಕ್ಕಿಯ ಕಾಲಿನ ಮೇಲೆ ಬೇಡ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಕಲ್ಲಿನ ಶಿಲ್ಪಿಗಳಿಗೆ ಅಳತೆ ಕೊಟ್ಟರೆ ಗೂಟದ ತೂತಿನ ಸಮೇತ ಪೀಠ ಮಾಡಿಕೊಡುತ್ತಾರೆ.

ಪ್ರಶ್ನೆ: ಕಂಚಿನ ಬದಲು ಹಿತ್ತಾಳೆಯಲ್ಲಿ ಮಾಡಿಸಿದರೆ ಖರ್ಚು ಕಡಿಮೆ ಅನ್ನುತ್ತಾರೆ. ಆಗಬಹುದಾ? — ಗುಬ್ಬಿಯ ಓದುಗರು

ಉತ್ತರ: ನೀರಿನಲ್ಲಿ ನಿಲ್ಲುವ ಶಿಲ್ಪಕ್ಕೆ ಬೇಡ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಸದಾ ನೀರಲ್ಲಿದ್ದರೆ ಸತು ನಿಧಾನವಾಗಿ ಕರಗಿ ಹೋಗಿ, ನಸುಗೆಂಪು ಬಣ್ಣದ ಪುಡಿಪುಡಿ ತಾಮ್ರ ಉಳಿಯುತ್ತದೆ. ಸಣ್ಣ ಕಾಲುಗಳಿದ್ದರೆ ಮುರಿಯುವುದು ಅಲ್ಲೇ. ತಾಮ್ರ ಮತ್ತು ತವರದ ಕಂಚು, ಇಲ್ಲವೇ ಈಗ ಶಿಲ್ಪಕ್ಕೆ ಜಾಸ್ತಿ ಬಳಸುವ ಸಿಲಿಕಾನ್ ಕಂಚು ಕೇಳಿ. ಮೀನು ಬಿಡುವ ಕೊಳವಾದರೆ ಸೀಸ ಬೆರೆಸದ ಲೋಹವೇ ಬೇಕು ಅಂತ ಹೇಳಿ. ಅಂಗಡಿಯಲ್ಲಿ ಸಿದ್ಧ ಶಿಲ್ಪ ಕೊಳ್ಳುವಾಗ ತಳದಲ್ಲಿ ಕಾಣದ ಕಡೆ ಅರದಿಂದ ಒಂದು ಎಳೆ ಉಜ್ಜಿ ನೋಡಿ. ಹಳದಿ ಹೊಳೆದರೆ ಹಿತ್ತಾಳೆ, ಕೆಂಪು ಛಾಯೆ ಇದ್ದರೆ ಕಂಚು.

ಪ್ರಶ್ನೆ: ನಮ್ಮ ಮನೆ ಮುಂದಿನ ತೊಟ್ಟಿಯಲ್ಲಿ ಕಂಚಿನ ಮೀನು ಇದೆ. ಬೋರ್‌ವೆಲ್ ನೀರು. ಮೈಮೇಲೆ ಬಿಳಿ ಕಟ್ಟಿತ್ತು ಅಂತ ಹಬ್ಬದ ಹಿಂದಿನ ದಿನ ಅತ್ತೆಯವರು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ ಫಳಫಳ ಮಾಡಿದರು. ಈಗ ಅಲ್ಲಲ್ಲಿ ತಿಳಿ ಹಸಿರು ಪುಡಿ ಬರುತ್ತಿದೆ. ಏನು ಮಾಡಲಿ? — ಬಂಗಾರಪೇಟೆಯ ಓದುಗರು

ಉತ್ತರ: ಅತ್ತೆಯವರನ್ನು ಏನೂ ಅನ್ನಬೇಡಿ. ಪೂಜೆಯ ಪಾತ್ರೆಗೆ ಆ ಕ್ರಮ ಸರಿ, ಯಾಕೆಂದರೆ ಅದನ್ನು ತಕ್ಷಣ ತೊಳೆದು ಒರೆಸಿ ಇಡುತ್ತೇವೆ. ನೀರಿನಲ್ಲಿರುವ ಶಿಲ್ಪಕ್ಕೆ ಕಂದು ಪದರವೇ ರಕ್ಷಣೆ. ಹುಳಿ ಅದನ್ನು ತೆಗೆದುಹಾಕಿತು. ಉಪ್ಪಿನ ಕ್ಲೋರೈಡು ಬರಿಮೈಯ ಸಣ್ಣ ತೂತುಗಳಲ್ಲಿ ಕೂತುಕೊಂಡಿತು. ತೇವ ಸಿಕ್ಕಿದಾಗಲೆಲ್ಲ ಅದು ಕಂಚನ್ನು ತಿನ್ನುತ್ತಲೇ ಇರುತ್ತದೆ.

ಬೆರಳಿನಿಂದ ಒತ್ತಿ ನೋಡಿ. ಹಸಿರು ನಯವಾಗಿ ಮೈಗೆ ಅಂಟಿಕೊಂಡಿದ್ದರೆ ಅದು ಹಳೆಯ ಕಿಲುಬು, ಹೆದರಬೇಕಿಲ್ಲ. ಪುಡಿ ಬೆರಳಿಗೆ ಬಂದು ಕೆಳಗೆ ಸೂಜಿಮೊನೆಯಂಥ ಕುಳಿ ಕಂಡರೆ ಕೂಡಲೇ ಕೆಲಸ ಶುರುಮಾಡಿ. ನಿಮ್ಮದು ಎರಡನೆಯದು ಅಂತಲೇ ತೋರುತ್ತದೆ.

ಶಿಲ್ಪವನ್ನು ತೊಟ್ಟಿಯಿಂದ ಹೊರಗೆ ತೆಗೆಯಿರಿ. ಬಿದಿರಿನ ಚೂಪು ಕಡ್ಡಿಯಿಂದ ಪುಡಿಯನ್ನು ಬಿಡಿಸಿ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿನಲ್ಲಿ ಅಥವಾ ಶುದ್ಧ ಮಳೆನೀರಿನಲ್ಲಿ ಮುಳುಗಿಸಿಡಿ. ದಿನಾ ನೀರು ಬದಲಿಸಿ. ಎರಡು ವಾರವಾದರೂ ಬೇಕು. ಆಮೇಲೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಈಗ ಒಂದು ಪರೀಕ್ಷೆ: ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಒದ್ದೆ ಬಟ್ಟೆಯ ಜೊತೆ ಒಂದೆರಡು ದಿನ ಇಡಿ, ಬಟ್ಟೆ ಶಿಲ್ಪಕ್ಕೆ ತಾಗಬಾರದು. ಮತ್ತೆ ಹಸಿರು ಪುಡಿ ಎದ್ದರೆ ಕ್ಲೋರೈಡು ಇನ್ನೂ ಒಳಗಿದೆ, ನೆನೆಸುವುದನ್ನು ಮುಂದುವರಿಸಿ. ಏಳದಿದ್ದರೆ ಮೈಯನ್ನು ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ ಜೇನುಮೇಣ ತೆಳ್ಳಗೆ ಸವರಿ, ಹತ್ತಿ ಬಟ್ಟೆಯಲ್ಲಿ ಉಜ್ಜಿ. ವರ್ಷಕ್ಕೆರಡು ಸಲ ಮೇಣ ಹಚ್ಚಿದರೆ ಸಾಕು. ಕುಳಿ ಆಳವಾಗಿದ್ದರೆ ಮನೆಮದ್ದು ಸಾಲದು, ಎರಕದವರಿಗೆ ತೋರಿಸಿ.

ಮೊದಲು ಕಟ್ಟಿದ್ದ ಬಿಳಿ ಬರೀ ಸುಣ್ಣ. ಕೋಲಾರದ ಬೋರ್ ನೀರಿನ ಗಡಸುತನ ನಿಮಗೆ ಗೊತ್ತಿದ್ದದ್ದೇ. ಇನ್ನು ಮುಂದೆ ಅದು ತೆಳ್ಳಗಿರುವಾಗಲೇ ಒದ್ದೆ ಮಾಡಿ ಬಿದಿರುಕಡ್ಡಿಯಿಂದ ಕೆರೆಯಿರಿ. ತೊಟ್ಟಿಗೆ ಕಡಿಮೆಯಾದ ನೀರನ್ನು ಚಾವಣಿಯ ಮಳೆನೀರಿನಿಂದ ತುಂಬಿಸಿದರೆ ಸುಣ್ಣ ಕಟ್ಟುವುದೂ ಕಡಿಮೆ ಆಗುತ್ತದೆ.

ಪ್ರಶ್ನೆ: ಹೊಸದಾಗಿ ಕಟ್ಟಿದ ಸಿಮೆಂಟ್ ಕೊಳಕ್ಕೆ ಕಂಚಿನ ಆಮೆ ಇಟ್ಟು, ಸೊಳ್ಳೆ ಮರಿ ತಿನ್ನಲಿ ಅಂತ ಗಪ್ಪಿ ಮೀನು ಬಿಟ್ಟೆವು. ವಾರದೊಳಗೆ ಎಷ್ಟೋ ಮೀನು ಸತ್ತವು. ಕಂಚಿನ ವಿಷ ಅಂತ ಎಲ್ಲರೂ ಹೇಳುತ್ತಿದ್ದಾರೆ. ನಿಜವಾ? — ತುಮಕೂರಿನ ಓದುಗರು

ಉತ್ತರ: ತಾಮ್ರ ಮೀನಿಗೆ ಆಗುವುದಿಲ್ಲ ಅನ್ನುವುದು ನಿಜ. ಬಸವನಹುಳು, ಸೀಗಡಿಗಳಿಗಂತೂ ಇನ್ನೂ ಆಗುವುದಿಲ್ಲ. ಆದರೆ ನಿಮ್ಮ ಕೊಳದಲ್ಲಿ ನನಗೆ ಮೊದಲ ಅನುಮಾನ ಸಿಮೆಂಟಿನ ಮೇಲೆ. ಹೊಸ ಸಿಮೆಂಟಿನಿಂದ ಸುಣ್ಣ ನೀರಿಗೆ ಬಿಡುತ್ತದೆ, ನೀರಿನ ಕ್ಷಾರ ಏರುತ್ತದೆ, ಮೀನಿನ ಕಿವಿರು ಸುಡುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಪಿಎಚ್ ಪಟ್ಟಿ ಸಿಗುತ್ತದೆ. ಅದ್ದಿ ನೋಡಿ. 9 ದಾಟಿದ್ದರೆ ಕಾರಣ ಬಹುತೇಕ ಅದೇ. ಕೊಳವನ್ನು ತುಂಬಿಸಿ, ಕೆಲವು ದಿನ ಬಿಟ್ಟು ಖಾಲಿ ಮಾಡಿ, ಹೀಗೆ ಪಿಎಚ್ ಇಳಿಯುವ ತನಕ ಮಾಡಿ. ಆಮೇಲೆ ಮೀನು ಬಿಡಿ.

ಅಲ್ಲಿಯೇ ತಾಮ್ರ ಅಳೆಯುವ ಕಿಟ್ ಸಿಕ್ಕರೆ ಅದನ್ನೂ ತನ್ನಿ. ಹೊಸ ಕಂಚಿನಿಂದ ಮೊದಲ ದಿನಗಳಲ್ಲಿ ತಾಮ್ರ ಸ್ವಲ್ಪ ಜಾಸ್ತಿ ಬಿಡುತ್ತದೆ. ಮೈ ಮೇಲೆ ಪದರ ಕೂತ ಮೇಲೆ ಕಡಿಮೆ ಆಗುತ್ತದೆ. ಹಸಿರು ಬಣ್ಣ ಕೊಟ್ಟ ಶಿಲ್ಪವಾದರೆ ಅದಕ್ಕೆ ಬಳಸಿದ ತಾಮ್ರದ ನೈಟ್ರೇಟ್ ಸರಿಯಾಗಿ ತೊಳೆಯದೆ ಉಳಿದಿರಬಹುದು. ಆಮೆಯನ್ನು ಬೇರೆ ಟಬ್ಬಿನಲ್ಲಿ ಎರಡು ವಾರ ಇಟ್ಟು ನೀರು ಬದಲಿಸುತ್ತಾ ಬನ್ನಿ, ಮೇಣ ಹಚ್ಚಿ, ಆಮೇಲೆ ಕೊಳಕ್ಕೆ ಬಿಡಿ.

ಒಂದು ಸಮಾಧಾನ ಇದೆ. ಗಡಸು ನೀರಿನಲ್ಲಿ ತಾಮ್ರ ಮೀನಿಗೆ ಕಡಿಮೆ ತೊಂದರೆ ಕೊಡುತ್ತದೆ. ಬಂಗಾರಪೇಟೆಯವರ ಶಿಲ್ಪಕ್ಕೆ ಕಲೆ ಹಾಕಿದಂಥ ನೀರೇ ನಿಮ್ಮ ಗಪ್ಪಿಯನ್ನು ಕಾಯುತ್ತದೆ. ಆದ್ದರಿಂದ ಮೀನಿರುವ ಕೊಳಕ್ಕೆ ಪೂರ್ತಿ ಮಳೆನೀರು ತುಂಬಬೇಡಿ, ಬೆರೆಸಿ. ಪಾಚಿ ಹೋಗಲಿ ಅಂತ ಮೈಲುತುತ್ತ ಹಾಕುವವರಿದ್ದಾರೆ. ಅದು ತಾಮ್ರದ ಉಪ್ಪೇ. ಒಂದು ಚಿಟಿಕೆಯೂ ಬೇಡ.

ಪ್ರಶ್ನೆ: ಕಂಚಿನ ನವಿಲನ್ನು ಕೊಳದ ಕಲ್ಲಿಗೆ ಕಬ್ಬಿಣದ ಬೋಲ್ಟ್ ಹಾಕಿ ಕೂರಿಸಿದ್ದರು. ಒಂದೇ ವರ್ಷಕ್ಕೆ ಬೋಲ್ಟ್ ತುಕ್ಕು ಹಿಡಿದು ನವಿಲು ಅಲುಗಾಡುತ್ತಿದೆ. — ಮಧುಗಿರಿಯ ಓದುಗರು

ಉತ್ತರ: ಕಂಚು, ಕಬ್ಬಿಣ ಎರಡೂ ಒಂದಕ್ಕೊಂದು ತಾಗಿ ನೀರಿನಲ್ಲಿದ್ದರೆ ಕಬ್ಬಿಣ ಬೇಗ ಕರಗುತ್ತದೆ. ಜಿಂಕ್ ಲೇಪದ ಬೋಲ್ಟ್ ಹಾಕಿದರೂ ಸ್ವಲ್ಪ ದಿನ ಅಷ್ಟೆ. ಹಳೆಯದನ್ನು ಪೂರ್ತಿ ಕೊರೆದು ತೆಗೆಸಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಕಂಚಿನದೇ ಬೋಲ್ಟ್ ಹಾಕಿಸಿ. ಸ್ಟೀಲಿನದಾದರೆ ನಡುವೆ ರಬ್ಬರ್ ವಾಷರ್ ಇರಲಿ. ತೂತಿಗೆ ಎಪಾಕ್ಸಿ ಅಂಟು ತುಂಬಿ, ಗಟ್ಟಿಯಾಗುವ ತನಕ ನೀರು ಬಿಡಬೇಡಿ. ಕೊಳಕ್ಕೆ ಪಂಪ್ ಇದ್ದರೆ ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯಾ ಅಂತ ಈಗಲೇ ನೋಡಿಸಿ. ಮಕ್ಕಳು ನೀರಿಗೆ ಕೈ ಹಾಕುವ ಜಾಗ ಅದು. ನವಿಲು ಸರಿಪಡಿಸುವ ದಿನ ಮೇನ್ ಸ್ವಿಚ್ ಆಫ್ ಮಾಡಿಯೇ ಕೊಳಕ್ಕೆ ಇಳಿಯಿರಿ.