ಅಪ್ಪರ್ ಬಿಗ್ ಬ್ರಾಂಚ್ ಗಣಿ ಸ್ಫೋಟವನ್ನು ತಡೆಯಬಹುದಿತ್ತಾ? 29 ಜನ ಸತ್ತರೂ ಕಂಪನಿ ಮುಖ್ಯಸ್ಥನಿಗೆ ಒಂದೇ ವರ್ಷ ಜೈಲು ಯಾಕೆ?

ತಡೆಯಬಹುದಿತ್ತು. ಅದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿರಲಿಲ್ಲ. ನೀರು, ಗ್ಯಾಸ್ ಚದುರಿಸುವಷ್ಟು ಗಾಳಿ, ಸುಣ್ಣದ ಕಲ್ಲಿನ ಪುಡಿ, ಇಷ್ಟು ಸಾಕಿತ್ತು.

ನಾನು ಮೈನಿಂಗ್ ಇಂಜಿನಿಯರಿಂಗ್ ಓದಿದವನು. ಈ ದುರಂತದ ತನಿಖಾ ವರದಿಗಳನ್ನು ಕೂತು ಓದಿದ್ದೇನೆ. ಓದುತ್ತಾ ಹೋದರೆ ದುಃಖಕ್ಕಿಂತ ಸಿಟ್ಟೇ ಜಾಸ್ತಿ ಬರುತ್ತದೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. 2010ರ ಏಪ್ರಿಲ್ 5, ಮಧ್ಯಾಹ್ನ ಮೂರು ಗಂಟೆ ದಾಟಿ ಒಂದೆರಡು ನಿಮಿಷ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮಾಂಟ್‌ಕೋಲ್‌ನಲ್ಲಿ ಮ್ಯಾಸ್ಸಿ ಎನರ್ಜಿ ಕಂಪನಿಗೆ ಸೇರಿದ ಗಣಿಯೊಳಗೆ ಸ್ಫೋಟ ಆಯಿತು. ಸತ್ತವರು 29. ನಲವತ್ತು ವರ್ಷಗಳಲ್ಲಿ ಆ ದೇಶ ಅಷ್ಟು ದೊಡ್ಡ ಕಲ್ಲಿದ್ದಲು ಗಣಿ ದುರಂತ ಕಂಡಿರಲಿಲ್ಲ.

ಎಲ್ಲರೂ ಇದನ್ನು ಗ್ಯಾಸ್ ಸ್ಫೋಟ ಅನ್ನುತ್ತಾರೆ. ಅದು ಅರ್ಧ ಸತ್ಯ. ಕಲ್ಲಿದ್ದಲು ಇರುವ ಕಡೆ ಮೀಥೇನ್ ಇದ್ದೇ ಇರುತ್ತದೆ. ಗಾಳಿಯಲ್ಲಿ ಅದು ಶೇಕಡಾ 5ರಿಂದ 15ರಷ್ಟು ಸೇರಿದರೆ ಒಂದು ಕಿಡಿ ಸಾಕು. ಈ ಗಣಿಯಲ್ಲಿ ಶಿಯರರ್ ಅನ್ನುವ ದೊಡ್ಡ ಯಂತ್ರ ಕಲ್ಲಿದ್ದಲಿನ ಗೋಡೆಯನ್ನು ಕೊರೆಯುತ್ತಾ ಹೋಗುತ್ತಿತ್ತು. ಅದರ ಹಲ್ಲುಗಳು ಸವೆದಿದ್ದವು. ಸವೆದ ಹಲ್ಲು ಕಲ್ಲಿದ್ದಲಿನ ಜೊತೆ ಮರಳುಗಲ್ಲಿಗೂ ಉಜ್ಜಿದಾಗ ಕಲ್ಲು ಕೆಂಪಗೆ ಕಾಯುತ್ತದೆ. ಅದಕ್ಕೇ ಯಂತ್ರದಲ್ಲಿ ನೀರು ಚಿಮ್ಮುವ ನಾಜಲ್‌ಗಳಿರುತ್ತವೆ. ಇಲ್ಲಿ ಕೆಲವು ನಾಜಲ್‌ಗಳೇ ಇರಲಿಲ್ಲ, ನೀರಿನ ಒತ್ತಡವೂ ಸಾಲದಾಗಿತ್ತು. ಹೀಗೆ ಒಂದು ಮೂಲೆಯಲ್ಲಿ ಸ್ವಲ್ಪ ಗ್ಯಾಸ್ ಹೊತ್ತಿಕೊಂಡಿತು.

ವರದಿಯ ಒಂದು ವಿವರ ನನ್ನನ್ನು ಬಿಡುವುದೇ ಇಲ್ಲ. ಸ್ಫೋಟಕ್ಕೆ ಎರಡು ಮೂರು ನಿಮಿಷ ಮುಂಚೆ ಯಾರೋ ಶಿಯರರ್ ಅನ್ನು ಕೈಯಾರೆ ನಿಲ್ಲಿಸಿದ್ದಾರೆ. ಆ ತುದಿಯಲ್ಲಿದ್ದವರು ಯಂತ್ರ ಬಿಟ್ಟು ದೂರ ಹೋಗಿದ್ದಾರೆ. ಅಂದರೆ ಬೆಂಕಿ ಅವರ ಕಣ್ಣಿಗೆ ಬಿದ್ದಿತ್ತು. ಏನೋ ಕೆಟ್ಟದ್ದು ಆಗಲಿದೆ ಅಂತ ಅವರಿಗೆ ತಿಳಿದಿತ್ತು.

ಅಷ್ಟು ಗ್ಯಾಸ್ ಅಲ್ಲೇ ಉರಿದು ಮುಗಿದಿದ್ದರೆ ಆ ಜಾಗದಲ್ಲಿದ್ದ ಕೆಲವರಿಗೆ ಅಪಾಯ ಇತ್ತು, ಇಡೀ ಗಣಿಗಲ್ಲ. ಆದರೆ ಬೆಂಕಿ ಎರಡು ಮೈಲಿಗೂ ಹೆಚ್ಚು ಸುರಂಗ ಓಡಿತು. ಓಡಿಸಿದ್ದು ಧೂಳು. ಕಲ್ಲಿದ್ದಲಿನ ಗಟ್ಟಿ ತುಂಡು ಹೊತ್ತಿಕೊಳ್ಳೋಕೆ ಸಮಯ ಬೇಕು. ಅದೇ ನುಣ್ಣಗೆ ಪುಡಿಯಾಗಿ ಗಾಳಿಯಲ್ಲಿ ತೇಲುತ್ತಿದ್ದರೆ ಕ್ಷಣದಲ್ಲಿ ಭಗ್ಗೆನ್ನುತ್ತದೆ. ಮೊದಲ ಸಣ್ಣ ಸ್ಫೋಟದ ಹೊಡೆತ ನೆಲ, ಗೋಡೆಗಳ ಮೇಲಿನ ಧೂಳನ್ನು ಎಬ್ಬಿಸುತ್ತದೆ. ಹಿಂದೆಯೇ ಬಂದ ಬೆಂಕಿ ಅದನ್ನು ಸುಡುತ್ತದೆ. ಆ ಹೊಡೆತ ಮುಂದಿನ ಧೂಳನ್ನು ಎಬ್ಬಿಸುತ್ತದೆ. ಧೂಳು ಸಿಗುತ್ತಲೇ ಇರುವ ತನಕ ಇದು ನಿಲ್ಲುವುದಿಲ್ಲ. ಕಾಗದದಷ್ಟು ತೆಳ್ಳಗಿನ ಧೂಳಿನ ಪದರ ಇದ್ದರೂ ಸಾಕು.

ಇದಕ್ಕೆ ಮದ್ದು ಬಹಳ ಹಳೆಯದು. 1906ರಲ್ಲಿ ಫ್ರಾನ್ಸಿನ ಕೂರಿಯೇರ್‌ನಲ್ಲಿ ಇಂಥದ್ದೇ ಧೂಳಿನ ಸ್ಫೋಟಕ್ಕೆ 1,099 ಜನ ಬಲಿಯಾದರು. ಎರಡು ವರ್ಷದ ನಂತರ ಇಂಗ್ಲೆಂಡಿನ ಆಲ್ಟೋಫ್ಟ್ಸ್‌ನಲ್ಲಿ ದೊಡ್ಡ ಕೊಳವೆ ಕಟ್ಟಿ, ಬೇಕೆಂದೇ ಧೂಳಿಗೆ ಬೆಂಕಿ ಕೊಟ್ಟು ಪ್ರಯೋಗ ಮಾಡಿದರು. ಕಲ್ಲಿನ ಪುಡಿಯನ್ನು ಬೆರೆಸಿಟ್ಟರೆ ಅದೂ ಧೂಳಿನ ಜೊತೆಗೇ ಎದ್ದು, ಬೆಂಕಿಯ ಶಾಖವನ್ನು ಹೀರಿಕೊಂಡು, ಜ್ವಾಲೆಯನ್ನು ಕೊಲ್ಲುತ್ತದೆ ಅಂತ ತೋರಿಸಿದರು. ಇವತ್ತಿಗೂ ಸುರಂಗಗಳಿಗೆ ಸುಣ್ಣದ ಕಲ್ಲಿನ ಪುಡಿ ಎರಚುವುದು ಇದೇ ಕಾರಣಕ್ಕೆ. ಸರಿಯಾಗಿ ನೋಡಿಕೊಂಡ ಕಲ್ಲಿದ್ದಲು ಗಣಿಯ ಸುರಂಗ ಒಳಗೆ ಬೆಳ್ಳಗಿರುತ್ತದೆ. ಕಪ್ಪಗೆ ಕಂಡರೆ ಭಯಪಡಬೇಕು.

ಅಪ್ಪರ್ ಬಿಗ್ ಬ್ರಾಂಚ್ ಕಪ್ಪಗಿತ್ತು. ಮೈಲಿಗಟ್ಟಲೆ ಸುರಂಗಕ್ಕೆ ಪುಡಿ ಎರಚಲು ಇದ್ದದ್ದು ಇಬ್ಬರ ತಂಡ. ಅವರನ್ನೂ ಆಗಾಗ ಬೇರೆ ಕೆಲಸಕ್ಕೆ ಎಳೆಯುತ್ತಿದ್ದರು. ಪುಡಿ ಎರಚುವ ಹಳೇ ಯಂತ್ರ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಸುಣ್ಣದ ಕಲ್ಲಿನ ಪುಡಿ ಏನು ಮಹಾ ದುಬಾರಿ ಹೇಳಿ! ಅದನ್ನು ಎರಚುವಷ್ಟು ಹೊತ್ತು ಕಲ್ಲಿದ್ದಲು ಹೊರಗೆ ಬರುವುದಿಲ್ಲ, ಅಷ್ಟೇ.

ಸ್ಫೋಟದ ನಂತರದ ನಾಲ್ಕು ದಿನಗಳನ್ನು ನೆನೆದರೆ ಸಂಕಟ ಆಗುತ್ತದೆ. ನಾಲ್ವರು ಸಿಕ್ಕಿರಲಿಲ್ಲ. ಗಣಿಯೊಳಗೆ ಆಹಾರ, ಗಾಳಿ ಇರುವ ರಕ್ಷಣಾ ಕೋಣೆಗಳಿದ್ದವು. ಅದರೊಳಗೆ ಸೇರಿಕೊಂಡಿರಬಹುದು ಅಂತ ಮನೆಯವರು ಕಾದರು. ರಕ್ಷಣಾ ತಂಡದವರು ಒಳಗೆ ಹೋದರೂ ಮೀಥೇನ್, ಕಾರ್ಬನ್ ಮೊನಾಕ್ಸೈಡ್ ಏರಿದ ಕೂಡಲೇ ವಾಪಸ್ ಬರಬೇಕಾಗುತ್ತಿತ್ತು. ಮೇಲಿನ ಬೆಟ್ಟದಿಂದ ರಂಧ್ರ ಕೊರೆದು ಗ್ಯಾಸ್ ಹೊರಗೆ ಬಿಡಬೇಕಾಯಿತು. ಕೊನೆಗೆ ನೋಡಿದರೆ ಆ ಕೋಣೆಗಳನ್ನು ಯಾರೂ ಬಳಸಿರಲೇ ಇಲ್ಲ.

ಕಂಪನಿಯ ವಾದ ಏನೆಂದರೆ, ನೆಲದ ಬಿರುಕಿನಿಂದ ಇದ್ದಕ್ಕಿದ್ದಂತೆ ಗ್ಯಾಸ್ ನುಗ್ಗಿತು, ಯಾರೇನು ಮಾಡೋಕಾಗುತ್ತಿತ್ತು? ಸರ್ಕಾರಿ ತನಿಖೆಯೂ ಒಪ್ಪಲಿಲ್ಲ, ರಾಜ್ಯಪಾಲರು ನೇಮಿಸಿದ್ದ ಸ್ವತಂತ್ರ ಸಮಿತಿಯೂ ಒಪ್ಪಲಿಲ್ಲ. ತನಿಖೆಯಲ್ಲಿ ಬಯಲಾದದ್ದು ಬೇರೆಯೇ. ಅಪಾಯಗಳನ್ನು ಬರೆದಿಡೋಕೆ ಎರಡು ಲೆಕ್ಕ ಇತ್ತು: ತಮಗಾಗಿ ಒಂದು, ಇನ್‌ಸ್ಪೆಕ್ಟರ್‌ಗೆ ತೋರಿಸೋಕೆ ಇನ್ನೊಂದು. ಇನ್‌ಸ್ಪೆಕ್ಟರ್ ಗೇಟಿಗೆ ಬಂದರೆ ಕಾವಲಿನವರು ರೇಡಿಯೋದಲ್ಲಿ ಸುದ್ದಿ ಮುಟ್ಟಿಸುತ್ತಿದ್ದರು. ಇನ್‌ಸ್ಪೆಕ್ಟರ್ ಒಳಗೆ ತಲುಪುವ ಹೊತ್ತಿಗೆ ಎಲ್ಲ ಸರಿ ಮಾಡಿಟ್ಟಿರುತ್ತಿದ್ದರು. ಹಾಗಂತ ಗಣಿ ಸುರಕ್ಷತಾ ಇಲಾಖೆಯೇನೂ ಸಾಚಾ ಅಲ್ಲ. ತನ್ನ ಇನ್‌ಸ್ಪೆಕ್ಟರ್‌ಗಳು ಕಣ್ಣೆದುರಿನ ಎಷ್ಟೋ ಲೋಪಗಳನ್ನು ಬಿಟ್ಟುಬಿಟ್ಟಿದ್ದರು ಅಂತ ಅದರ ಆಂತರಿಕ ಪರಿಶೀಲನೆಯೇ ಒಪ್ಪಿಕೊಂಡಿದೆ.

ಇನ್ನೊಂದು ವಿಷಯ ಪತ್ರಿಕೆಗಳಲ್ಲಿ ಅಷ್ಟಾಗಿ ಬರಲಿಲ್ಲ. ಶವಪರೀಕ್ಷೆಯಲ್ಲಿ ಶ್ವಾಸಕೋಶ ಪರೀಕ್ಷಿಸಲು ಸಾಧ್ಯವಾದದ್ದು 24 ಜನರದ್ದು. ಅದರಲ್ಲಿ 17 ಜನರಿಗೆ ಬ್ಲ್ಯಾಕ್ ಲಂಗ್, ಅಂದರೆ ಕಲ್ಲಿದ್ದಲಿನ ಧೂಳು ಉಸಿರಾಡಿ ಬರುವ ಶ್ವಾಸಕೋಶದ ಕಾಯಿಲೆ ಇತ್ತು. ಗಣಿ ಕೆಲಸಕ್ಕೆ ಸೇರಿ ಹತ್ತು ವರ್ಷ ತುಂಬದವರೂ ಅವರಲ್ಲಿದ್ದರು. ಅದೂ ಇದೇ ಧೂಳಿನ ಕೆಲಸ. ಸ್ಫೋಟ ಆಗದಿದ್ದರೂ ಅದು ಅವರನ್ನು ಸುಮ್ನೆ ಬಿಡುತ್ತಿರಲಿಲ್ಲ.

ಈಗ ಶಿಕ್ಷೆಯ ವಿಷಯ. 2011ರಲ್ಲಿ ಮ್ಯಾಸ್ಸಿಯನ್ನು ಆಲ್ಫಾ ನ್ಯಾಚುರಲ್ ರಿಸೋರ್ಸಸ್ ಕೊಂಡುಕೊಂಡಿತು. 20.9 ಕೋಟಿ ಡಾಲರ್ ಕೊಟ್ಟು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಸತ್ತವರ ಒಂದೊಂದು ಕುಟುಂಬಕ್ಕೆ 15 ಲಕ್ಷ ಡಾಲರ್ ಸಿಕ್ಕಿತು. ಗಣಿಯ ಸೂಪರಿಂಟೆಂಡೆಂಟ್‌ಗೆ 21 ತಿಂಗಳು ಜೈಲು. ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿ, ದಾಖಲೆ ನಾಶ ಮಾಡಲು ಹೊರಟಿದ್ದ ಭದ್ರತಾ ಮುಖ್ಯಸ್ಥನಿಗೆ ಮೂರು ವರ್ಷ.

ಮೇಲಿನವನಿಗೆ, ಅಂದರೆ ಕಂಪನಿಯ ಮುಖ್ಯಸ್ಥ ಡಾನ್ ಬ್ಲ್ಯಾಂಕೆನ್‌ಶಿಪ್‌ಗೆ, ಒಂದು ವರ್ಷ ಮತ್ತು ಎರಡೂವರೆ ಲಕ್ಷ ಡಾಲರ್ ದಂಡ. ಶಿಕ್ಷೆ ಪ್ರಕಟವಾದದ್ದು 2016ರ ಏಪ್ರಿಲ್ 6, ದುರಂತಕ್ಕೆ ಆರು ವರ್ಷ ತುಂಬಿದ ಮರುದಿನ. ನಿಮ್ಮ ಹಾಗೇ ಬಹಳ ಜನ ನ್ಯಾಯಾಧೀಶರ ಮೇಲೆ ಸಿಟ್ಟಾಗುತ್ತಾರೆ. ಆದರೆ ಅವರು ಕೊಟ್ಟದ್ದು ಗರಿಷ್ಠ ಶಿಕ್ಷೆಯನ್ನೇ. ಅಮೆರಿಕದ ಗಣಿ ಕಾನೂನಿನಲ್ಲಿ ಬೇಕೆಂದೇ ಸುರಕ್ಷತಾ ನಿಯಮ ಮುರಿಯಲು ಸಂಚು ಮಾಡುವುದು ಸಣ್ಣ ಅಪರಾಧ, ಅದಕ್ಕೆ ಒಂದು ವರ್ಷವೇ ಮಿತಿ. ಆತನ ಮೇಲೆ ಷೇರು ಹೂಡಿಕೆದಾರರಿಗೆ ಸುಳ್ಳು ಹೇಳಿದ ಆರೋಪವೂ ಇತ್ತು. ಗಂಭೀರ ಅಪರಾಧದ ಪಟ್ಟಿಯಲ್ಲಿದ್ದದ್ದು ಅದು! ಜ್ಯೂರಿ ಅದರಲ್ಲಿ ಆತನನ್ನು ಬಿಟ್ಟುಬಿಟ್ಟಿತು. ಹೊರಗೆ ಬಂದ ಮೇಲೆ 2018ರಲ್ಲಿ ಸೆನೆಟ್ ಸ್ಥಾನಕ್ಕಾಗಿ ರಿಪಬ್ಲಿಕನ್ ಪಕ್ಷದ ಪ್ರಾಥಮಿಕ ಚುನಾವಣೆಗೂ ನಿಂತ, ಸೋತ.

ಆಮೇಲೆ ಏನಾದರೂ ಬದಲಾಯಿತಾ ಅಂದರೆ, ಕಲ್ಲಿನ ಪುಡಿಯ ನಿಯಮ ಬಿಗಿಯಾಯಿತು. ಸುರಂಗದ ಧೂಳಿನಲ್ಲಿ ಉರಿಯದ ಅಂಶ ಎಲ್ಲ ಕಡೆಯೂ ಶೇಕಡಾ 80 ಇರಲೇಬೇಕು, ಮುಂಚೆ ಗಾಳಿ ಒಳಬರುವ ದಾರಿಗಳಲ್ಲಿ 65 ಇದ್ದರೆ ನಡೆಯುತ್ತಿತ್ತು. ಶಿಕ್ಷೆ ಹೆಚ್ಚಿಸುವ ಮಸೂದೆಯೂ ಬಂದಿತ್ತು. 2010ರ ಡಿಸೆಂಬರ್‌ನಲ್ಲಿ, ದುರಂತ ನಡೆದ ಅದೇ ವರ್ಷ, ಅಲ್ಲಿನ ಪ್ರತಿನಿಧಿ ಸಭೆಯಲ್ಲಿ ಅದು ಬಿದ್ದುಹೋಯಿತು.